ಹೊಟ್ಟೆಯೊಳಗಿನ ಕಬ್ಬಿಣ

ನಾನು ಒಂದು ತಗಡಿನ ಡಬ್ಬ. ಕಂಪ್ಯೂಟರಿನೊಳಗೆ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕೂತು, ಗೋಡೆಯಿಂದ ಬರುವ ಕರೆಂಟನ್ನು ಪಳಗಿಸಿ ಉಳಿದ ಭಾಗಗಳಿಗೆಲ್ಲ ಹಂಚುವುದು ನನ್ನ ಕೆಲಸ. ಅಂಗಡಿಯವರು ನನ್ನನ್ನು ಎಸ್‌ಎಂಪಿಎಸ್ ಎನ್ನುತ್ತಾರೆ. ಮನೆಯವರು ಏನೂ ಅನ್ನುವುದಿಲ್ಲ. ನಾನಿದ್ದೇನೆಂಬುದೇ ಅವರಿಗೆ ನೆನಪಿರುವುದಿಲ್ಲ.

ನಾನು ಹುಟ್ಟಿದ್ದು ಒಂದು ಉದ್ದನೆಯ ಶೆಡ್ಡಿನಲ್ಲಿ. ಒಬ್ಬಳು ತಂತಿಯ ಸುರುಳಿ ಕೂರಿಸಿದಳು, ಇನ್ನೊಬ್ಬಳು ಬೆಸುಗೆ ಹಾಕಿದಳು. ಒಳಗೆ ಇರಬೇಕಾದ ಎಷ್ಟೋ ಸಾಮಾನುಗಳ ಜಾಗ ಖಾಲಿಯೇ ಉಳಿಯಿತು. ಮುಚ್ಚಳ ಹಾಕುವ ಮುಂಚೆ ಮತ್ತೊಬ್ಬಳು ಒಂದು ಕಬ್ಬಿಣದ ತುಂಡನ್ನು ನನ್ನ ಹೊಟ್ಟೆಗೆ ಅಂಟಿಸಿದಳು. ಅದಕ್ಕೆ ಯಾವ ತಂತಿಯ ಸಂಬಂಧವೂ ಇರಲಿಲ್ಲ.

"ಇದ್ಯಾಕೆ?" ಎಂದು ಹೊಸದಾಗಿ ಕೆಲಸಕ್ಕೆ ಸೇರಿದವಳು ಕೇಳಿದಳು.

"ಕೈಗೆ ತೂಕ ಸಿಗಲಿ ಅಂತ" ಎಂದು ಅವಳು ತಲೆಯೆತ್ತದೆ ಹೇಳಿದಳು.

ಆಮೇಲೆ ನನ್ನ ಪಕ್ಕೆಗೆ ಒಂದು ಚೀಟಿ ಅಂಟಿಸಿದರು. ಐನೂರು ವ್ಯಾಟ್ ಎಂದು ಬರೆದಿತ್ತು. ಅದರ ಅರ್ಧದಷ್ಟು ಹೊರುವ ಶಕ್ತಿಯೂ ನನಗಿರಲಿಲ್ಲ. ಸುಳ್ಳು ಹೇಳಿದವಳು ನಾನಲ್ಲ, ಆದರೆ ಸುಳ್ಳು ಇದ್ದದ್ದು ನನ್ನ ಮೈಮೇಲೆ.

ಮೈಸೂರಿನ ಒಂದು ಅಂಗಡಿಯಿಂದ, ಅಗ್ಗದ ಕಂಪ್ಯೂಟರೊಂದರ ಹೊಟ್ಟೆ ಸೇರಿ, ದಾಕ್ಷಾಯಿಣಿಯ ಮನೆಗೆ ಬಂದೆ. ಮನೆಯಲ್ಲಿ ಮೂರೇ ಜನ: ದಾಕ್ಷಾಯಿಣಿ, ಕಾಲೇಜಿಗೆ ಹೋಗುವ ಮಗ ಮಿಥುನ್, ಅವಳ ತಂದೆ ಪುಟ್ಟಮಾದಪ್ಪ. ಪುಟ್ಟಮಾದಪ್ಪ ಲಾರಿ ಓಡಿಸುತ್ತಿದ್ದವರು. ಕರಿಕಲ್ಲಿನ ಕ್ವಾರಿಗಳಲ್ಲಿ ಲೋಡಿಗೆ ಕಾದು ಕಾದು ಕಲ್ಲುಪುಡಿ ಅವರ ಎದೆಗೂಡು ಸೇರಿತ್ತು. ಈಗ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ಮಂಚದ ಪಕ್ಕದಲ್ಲಿ ಆಕ್ಸಿಜನ್ ಮಷಿನ್ ಗಿರ್ ಎನ್ನುತ್ತಿತ್ತು. ಅದರ ಕೊಳವೆ ಅವರ ಮೂಗಿನಲ್ಲಿ. ಕರೆಂಟು ಹೋದರೂ ಅದು ನಿಲ್ಲದಿರಲಿ ಎಂದು ಆ ಕೋಣೆಗೆ ಮಾತ್ರ ಯುಪಿಎಸ್ ಹಾಕಿಸಿದ್ದರು. ಅದೇ ಲೈನಿಗೆ ನಮ್ಮ ಕಂಪ್ಯೂಟರೂ ಸೇರಿಕೊಂಡಿತು.

ದಾಕ್ಷಾಯಿಣಿಗೆ ಆ ಗಿರ್ ಸದ್ದು ನಿಂತುಬಿಡುತ್ತದೆಂಬುದೇ ಭಯ. ಹೋಗುತ್ತಾ ಬರುತ್ತಾ ಪ್ಲಗ್ಗುಗಳನ್ನು ಅಂಗೈ ಹಿಂಬದಿಯಿಂದ ಮುಟ್ಟಿ ನೋಡುವಳು. "ಮಿಕ್ಸಿ ಹಾಕ್ಬೇಕಾದ್ರೂ ಬಂದು ನನ್ ಮಖ ನೋಡ್ಕೊಂಡು ಹೋಯ್ತಾಳೆ ನಿಮ್ಮವ್ವ" ಎಂದು ತಾತ ಮೊಮ್ಮಗನ ಹತ್ತಿರ ನಗುತ್ತಿದ್ದರು. ನಗು ಕೆಮ್ಮಾಗುತ್ತಿತ್ತು.

ಮಿಥುನ್ ಲಾರಿ ಓಡಿಸುವ ಆಟ ಆಡುತ್ತಿದ್ದ. ಯಾರೋ ಅದಕ್ಕೆ, ತಾತ ಲಾರಿಯಲ್ಲಿ ಹತ್ತಿಳಿಯುತ್ತಿದ್ದ ದಿಂಬಂ ಘಾಟಿನ ರಸ್ತೆ ಸೇರಿಸಿದ್ದರು. ತಾತ ಮಂಚದಿಂದಲೇ ಓಡಿಸಲು ಹೇಳಿಕೊಡುತ್ತಿದ್ದರು: "ಗೇರ್ ಇಳ್ಸ್ಲಾ. ಹಾರನ್ ಹೊಡಿ, ತಿರುವಲ್ಲಿ ಆನೆ ಇರ್ತದೆ." ಆದರೆ ತಿರುವು ಬಂದಾಗಲೆಲ್ಲ ಚಿತ್ರ ತಡವರಿಸಿ ನಿಲ್ಲುತ್ತಿತ್ತು. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಹಳೆಯದಾಗಿತ್ತು.

ಹೊಸ ಕಾರ್ಡಿನ ಮಾತು ಶುರುವಾಯಿತು. ಮಿಥುನ್ ಊಟದ ಹೊತ್ತಿನಲ್ಲೂ ಹೋಲಿಕೆಯ ವಿಡಿಯೋಗಳನ್ನೇ ನೋಡಿದ. ಕೊನೆಗೆ ಎರಡು ಉಳಿದವು.

"ಸಣ್ಣದು ತಗೊಂಡ್ರೆ ಗಾಡಿ ನಿಲ್ದೆ ಓಡುತ್ತೆ ತಾತ, ಅಷ್ಟೇ. ದೊಡ್ಡದ್ರಲ್ಲಿ ಮಂಜು, ಮಳೆ, ಎದುರು ಗಾಡಿ ಲೈಟು ಎಲ್ಲಾ ಬರುತ್ತೆ."

"ಮಂಜಿಲ್ದೇ ಇದ್ಮೇಲೆ ಅದೆಂಥ ಘಾಟ್ಲಾ?"

"ಅಂಗಡಿಯವ್ರು ಏನಂದ್ರು, ಸರಿಯಾಗಿ ಹೇಳು" ಎಂದಳು ದಾಕ್ಷಾಯಿಣಿ ಬಾಗಿಲಲ್ಲಿ ನಿಂತು.

"ದೊಡ್ಡದಕ್ಕೆ ಬೇರೆ ವೈರ್ ಬೇಕಂತೆ. ಎಸ್‌ಎಂಪಿಎಸ್ಸೂ ಬದಲಾಯ್ಸಿದ್ರೆ ಒಳ್ಳೇದು ಅಂದ್ರು. ಎಲ್ಲರಿಗೂ ಹಂಗೇ ಅಂತಾರೆ ಬಿಡಮ್ಮ, ಅವರ ವ್ಯಾಪಾರ. ನಮ್ದು ಐನೂರು ವ್ಯಾಟ್ ಇದೆ, ಬರ್ದಿದೆಯಲ್ಲ."

"ಸಣ್ಣದೇ ಸಾಕು ಕಣೋ. ಅಪ್ಪನ ಮಷಿನ್ ಇರೋ ಲೈನಲ್ಲಿ ಜಾಸ್ತಿ ಲೋಡ್ ಬೇಡ."

ಮಿಥುನನಿಗೂ ಒಳಗೊಳಗೇ ಅಳುಕಿತ್ತೆಂದು ಕಾಣುತ್ತದೆ. ನನ್ನನ್ನು ಬಿಚ್ಚಿ ಹೊರತೆಗೆದು, ಚೀಟಿಯನ್ನು ಮತ್ತೊಮ್ಮೆ ಓದಿದ.

"ಇತ್ಲಾಗ್ ಕೊಡ್ಲಾ" ಎಂದರು ತಾತ.

ಲಾರಿಯವರಿಗೆ ಒಂದು ಅಭ್ಯಾಸ. ಬೇರಿಂಗ್ ಆಗಲಿ, ಡೈನಮೋ ಆಗಲಿ, ಡಬ್ಬಿಯ ಮೇಲಿನ ಬರಹ ನಂಬುವುದಿಲ್ಲ. ಕೈಯಲ್ಲಿ ತೂಗುತ್ತಾರೆ. ಭಾರವಿದ್ದರೆ ಅಸಲಿ, ಹಗುರವಿದ್ದರೆ ನಕಲಿ. ಪುಟ್ಟಮಾದಪ್ಪ ನನ್ನನ್ನು ಅಂಗೈ ಮೇಲಿಟ್ಟುಕೊಂಡು ಮೇಲೆ ಕೆಳಗೆ ಆಡಿಸಿದರು. ಸ್ಟೀರಿಂಗ್ ಹಿಡಿದು ಗಟ್ಟಿಯಾದ ಕೈ. ತಗಡಿನಾಚೆ ಆ ಕೈ, ಈಚೆ ನನ್ನ ಕಬ್ಬಿಣ.

"ತೂಕ ಐತೆ. ಅಸಲಿ ಮಾಲು ಕಣವ್ವ. ದೊಡ್ಡದ್ನೇ ತರ್ಲಿ ಬುಡು."

ದಾಕ್ಷಾಯಿಣಿ ದುಡ್ಡು ತಂದು ಮಗನ ಕೈಗಿಟ್ಟಳು. ತಂದೆ ಯಾವುದಕ್ಕೂ ಆಸೆಪಡದೆ ಬಹಳ ಕಾಲವಾಗಿತ್ತು.

ಹೊಸ ಕಾರ್ಡ್ ಬಂತು. ಉದ್ದನೆಯದು, ದೀಪಗಳಿದ್ದದ್ದು. ಗಾಜಿನ ಪಕ್ಕೆಯಿಂದ ಎಲ್ಲರಿಗೂ ಕಾಣುವಂತೆ ಕೂತಿತು. ಪರದೆಯ ಮೇಲೆ ಮಂಜು ಇಳಿಯಿತು. ತಾತ ಮೊದಲ ದಿನ ದಿಂಬಿನಿಂದ ತಲೆಯೆತ್ತಿ ನೋಡಿದರು. "ಇದೇ ಕಣ್ಲಾ, ಇದೇ ತಿರುವು" ಎಂದರು.

ನಾನು ಮಾತ್ರ ಕೆಳಗೆ ಬೇಯುತ್ತಿದ್ದೆ. ಕೇಳಿದಷ್ಟು ಕೊಡಲು ನನ್ನಲ್ಲಿ ಇರಲಿಲ್ಲ. ಇಲ್ಲವೆನ್ನಲು ಬಾಯಿಯೂ ಇರಲಿಲ್ಲ. ಸುರುಳಿಗಳು ಕಾದವು. ಕರೆಂಟು ಕೂಡಿಡುವ ಒಂದು ಕೆಪಾಸಿಟರ್ ಉಬ್ಬತೊಡಗಿತು. ಮೊದಲು ಗೊತ್ತಾದದ್ದು ದಾಕ್ಷಾಯಿಣಿಗೆ.

"ಏನೋ ಸುಟ್ಟ ವಾಸನೆ."

"ಹೊಸದಲ್ವಾ ಅಮ್ಮ, ಮೊದಮೊದಲು ಹಂಗೇ."

ಅವಳು ಬಗ್ಗಿ, ನನಗೆ ಹತ್ತಿರದಲ್ಲೇ ಕೈಯಿಟ್ಟಳು. ತಗಡು ಬಿಸಿಯಾಗಿತ್ತು. ಆಮೇಲೆ ಹೋಗಿ, ತುರ್ತಿಗೆಂದು ಅಡುಗೆಮನೆಯಲ್ಲಿಟ್ಟಿದ್ದ ಆಕ್ಸಿಜನ್ ಸಿಲಿಂಡರನ್ನು ಉರುಳಿಸಿಕೊಂಡು ಬಂದು ಮಂಚದ ತಲೆದೆಸೆಯಲ್ಲಿ ನಿಲ್ಲಿಸಿದಳು.

ಅದೊಂದು ಸಂಜೆ ಅವಳು ತಾರಸಿಗೆ ಬಟ್ಟೆ ತರಲು ಹೋಗಿದ್ದಳು. ಲಾರಿ ಘಾಟ್ ಹತ್ತುತ್ತಿತ್ತು. ಕಾರ್ಡ್ ಒಮ್ಮೆಲೇ ಜೋರಾಗಿ ಎಳೆಯಿತು. ನಾನು ಸಿಡಿದೆ. ನನ್ನೊಳಗಿನ ಸುಟ್ಟ ದಾರಿಯಲ್ಲಿ ಕರೆಂಟು ಶಾರ್ಟ್ ಆಗಿ, ಆ ಕೋಣೆಯ ಲೈನನ್ನೂ ಯುಪಿಎಸ್ಸನ್ನೂ ಕೆಡವಿತು. ಪರದೆ ಕಪ್ಪಾಯಿತು. ಗಿರ್ ಸದ್ದು ನಿಂತಿತು.

ಕರೆಂಟಿಲ್ಲವೆಂದು ಆಕ್ಸಿಜನ್ ಮಷಿನ್ ತನ್ನೊಳಗಿನ ಪುಟ್ಟ ಬ್ಯಾಟರಿಯಿಂದ ಕೂಗತೊಡಗಿತು. ಕರೆಂಟು ಹೋದಾಗಲೆಲ್ಲ ಯುಪಿಎಸ್ ಕೂಗುವುದೂ ಹೀಗೇ. ಆಮೇಲೆ ಎಲ್ಲವೂ ತಾನಾಗಿಯೇ ನಡೆಯುತ್ತದೆ. ಅದೇ ಕೂಗೆಂದುಕೊಂಡ ಮಿಥುನ್, ಮೊಬೈಲಿನ ಟಾರ್ಚ್ ಹಾಕಿ ನಮ್ಮ ಕಡೆ ಬಗ್ಗಿದ. ಗಾಜು ತೆಗೆದ. ಹೊಸ ಕಾರ್ಡನ್ನು ಮುಟ್ಟಿ, ತಿರುಗಿಸಿ, ಮೂಸಿ ನೋಡಿದ. ಅವನ ಬೆನ್ನ ಹಿಂದೆ ತಾತನ ಕೈ ಮೇಲೆದ್ದಿತ್ತು. ಕರೆಯಲು ಅವರಲ್ಲಿ ಉಸಿರಿರಲಿಲ್ಲ. ಅದು ಕಾಣುತ್ತಿದ್ದದ್ದು ನನಗೊಬ್ಬಳಿಗೇ.

ದಾಕ್ಷಾಯಿಣಿ ಮೆಟ್ಟಿಲಿಳಿದು ಬಂದು ಕೊಳವೆಯನ್ನು ಸಿಲಿಂಡರಿಗೆ ಸಿಕ್ಕಿಸುವ ಹೊತ್ತಿಗೆ ಕೈ ಕೆಳಗೆ ಬಿದ್ದಿತ್ತು. ಆಂಬುಲೆನ್ಸ್ ಬಂತು. ಪುಟ್ಟಮಾದಪ್ಪ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ತಿಥಿ ಮುಗಿಯಿತು. ಮಿಥುನ್ ಖಾಲಿ ಮಂಚದ ಅಂಚಿನಲ್ಲಿ ಕೂರುತ್ತಿದ್ದ. ಊಟಕ್ಕೆ ಕರೆದರೂ ಒಂದೇ ಮಾತು: "ನಾನು ಮೊದ್ಲು ಕಾರ್ಡ್ ನೋಡ್ದೆ ಅಮ್ಮ."

ಒಂದು ಮಧ್ಯಾಹ್ನ ದಾಕ್ಷಾಯಿಣಿ ಹೊಲಿಗೆ ಮಷಿನ್ನಿನ ಸ್ಕ್ರೂಡ್ರೈವರ್ ತಂದು ನನ್ನ ಮುಚ್ಚಳ ಬಿಚ್ಚಿದಳು. ಮಸಿ, ಒಡೆದ ಕೆಪಾಸಿಟರ್. ಒಂದು ಮೂಲೆಯಲ್ಲಿ ಯಾವ ತಂತಿಗೂ ಸೇರದ ಆ ಕಬ್ಬಿಣದ ತುಂಡು. ಕಿತ್ತು, ತಿರುಗಿಸಿ ನೋಡಿದಳು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎದ್ದು ಹೋಗಿ ಮಗನ ಅಂಗೈಯಲ್ಲಿಟ್ಟಳು.

"ನಿಮ್ಮ ತಾತ ತೂಗಿದ್ದು ಇದನ್ನ."

ಅವನು ಅದನ್ನು ಮೇಲೆ ಕೆಳಗೆ ಆಡಿಸಿದ, ತಾತನ ಹಾಗೆಯೇ. ಆಮೇಲೆ ಕೇಳಿದ: "ಹಂಗಾದ್ರೆ ನಾನು ಮಾಡಿದ್ದು?"

"ಅದು ಹಂಗೇ ಇರುತ್ತೆ ಕಣೋ" ಎಂದಳು ಅವಳು. "ಆದ್ರೆ ಇದೂ ಇತ್ತು."

ಅವನು ಆಗ ಅತ್ತ. ಸಾವಿನ ದಿನವೂ ಅತ್ತಿರಲಿಲ್ಲ.

ಈಗ ನಾನು ಗುಜರಿ ಅಂಗಡಿಯ ಹಿಂದೆ, ಮುರಿದ ಫ್ಯಾನುಗಳ ನಡುವೆ ಬಿದ್ದಿದ್ದೇನೆ. ತಂದ ದಿನ ಗುಜರಿಯವನು ನನ್ನನ್ನೆತ್ತಿ ಕೈಯಲ್ಲಿ ಆಡಿಸಿದ. "ಏನೂ ಇಲ್ಲ ಇದರಲ್ಲಿ, ಪೊಳ್ಳು" ಎಂದು ಎಸೆದ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಬಗ್ಗೆ ಒಂದು ಕೈ ಸರಿಯಾಗಿ ಹೇಳಿತ್ತು. ಆ ಕಬ್ಬಿಣ ಇನ್ನೂ ಅವರ ಮನೆಯಲ್ಲೇ ಇದೆ. ಮಿಥುನ್ ಅದನ್ನು ಬಿಸಾಡಲು ಬಿಡಲಿಲ್ಲ.