ಸೌದೆ ತಕ್ಕಡಿಯಲ್ಲಿ ಕೋಕಿಲಾ

ತಾನು ನಲವತ್ತೊಂದೇ ಕಿಲೋ ಎಂಬುದನ್ನು ಕೋಕಿಲಾ ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಮೆಜೆಸ್ಟಿಕ್‌ನ ತೂಕದ ಯಂತ್ರ ಉಗುಳಿದ ರಟ್ಟಿನ ಚೀಟಿಯನ್ನು ಪುಟಕ್ಕೆ ಅಂಟಿಸಿ, ‘ಇದು ಯಾರ ಕಣ್ಣಿಗೂ ಬೀಳದಿರಲಿ’ ಎಂದು ಕೆಳಗೆ ಬರೆದಿದ್ದಳು. ಹೆಣ್ಣು ನೋಡಲು ಅತ್ತಿಗುಪ್ಪೆಯಿಂದ ಬಂದವರು ‘ಹುಡುಗಿ ಗಾಳಿಗೆ ಹಾರಿಹೋಗೋ ಹಾಗಿದಾಳೆ’ ಎಂದು ಹೇಳಿಕಳಿಸಿದ ಮೇಲೆ, ಕೇಳಿದವರಿಗೆಲ್ಲ ಮನೆಯವರು ಐವತ್ತು ಎನ್ನುತ್ತಿದ್ದರು.

ಎಂಬತ್ನಾಲ್ಕರ ಜನವರಿಯ ಒಂದು ಭಾನುವಾರ, ರಾಜಾಜಿನಗರದ ಮುನಿವೆಂಕಟಪ್ಪನವರ ಸೌದೆ ಡಿಪೋದಲ್ಲಿ ಪ್ರವಾಸದ ಮೀಟಿಂಗು ಸೇರಿತು. ಹೊನ್ನಾವರದ ಹತ್ತಿರ ಹೊಳೆ ಸಮುದ್ರ ಸೇರುವಲ್ಲಿ ದೋಣಿ ಹತ್ತಿ, ದಂಡೆಯ ಗುಂಟ ಸಾಗಿ ಒಂದು ನಡುಗಡ್ಡೆ ನೋಡಿ ಬರುವುದು. ಈ ಏರ್ಪಾಡೆಲ್ಲ ದೊಡ್ಡಪ್ಪ ಲಕ್ಷ್ಮೀಪತಿಯವರದೆಂದು ಬೀದಿಯವರು ತಿಳಿದಿದ್ದರು. ಆದರೆ ಮೂರು ತಿಂಗಳು ಅಂಬಿಗನಿಗೆ ಕಾಗದ ಬರೆದವಳು, ನಕಾಶೆ ಎಳೆದವಳು, ಯಾವ ದಿನ ಎಷ್ಟು ಗಂಟೆಗೆ ನೀರು ಇಳಿಯುತ್ತದೆಂದು ಡೈರಿಯಲ್ಲಿ ಗುರುತು ಹಾಕಿಕೊಂಡವಳು ಬಿ.ಎ. ಮುಗಿಸಿ ಮನೆಯಲ್ಲಿದ್ದ ಕೋಕಿಲಾ. ಸಮುದ್ರವನ್ನು ಅವಳು ಇನ್ನೂ ಕಂಡಿರಲಿಲ್ಲ.

ದೊಡ್ಡಪ್ಪ ಅಂಬಿಗನ ಕಾರ್ಡನ್ನು ಗಟ್ಟಿಯಾಗಿ ಓದಿದರು. ‘ದಾರಿಯಲ್ಲಿ ಮರಳದಿಬ್ಬಗಳಿವೆ. ಅಲ್ಲಿ ನೀರು ಮೊಣಕಾಲುದ್ದ. ಭಾರ ಹೆಚ್ಚಾದರೆ ದೋಣಿಯ ತಳ ಮರಳಿಗೆ ಕಚ್ಚಿಕೊಳ್ಳುತ್ತದೆ. ನನ್ನನ್ನು ಬಿಟ್ಟು ಮುನ್ನೂರು ಕಿಲೋ ಮೀರಬಾರದು. ನೀರು ಇಳಿಯುವುದರೊಳಗೆ ಒಂದೇ ಸಲ ಹೋಗಿಬರಬಹುದು.’

“ಅಲ್ಲಿಗೆ ಸರಿಹೋಯ್ತು” ಎಂದರು. “ನಾವು ನಾಲ್ಕು ಜನ ಗಂಡಸರು ಹೋಗ್ಬರ್ತೀವಿ. ಹೆಂಗಸರು ದಡದಲ್ಲಿ ಚಪ್ಪಲಿ, ಚಿತ್ರಾನ್ನ ನೋಡ್ಕೊಂಡು ಆರಾಮಾಗಿರ್ಲಿ.”

“ಚಪ್ಪಲಿ ಕಾಯೋಕೆ ಹೊನ್ನಾವರಕ್ಕೆ ಯಾಕ್ರೀ ಹೋಗ್ಬೇಕು? ಇಲ್ಲೇ ದೇವಸ್ಥಾನದ ಮುಂದೆ ಕೂತ್ಕೋತೀವಿ” ಎಂದರು ದೊಡ್ಡಮ್ಮ ಪುಟ್ಟಲಕ್ಷ್ಮಿ.

“ಭಾರದ ವಿಷ್ಯ ಕಣೇ ಇದು, ನಿಂಗೆ ಅರ್ಥ ಆಗಲ್ಲ.”

ಸೌದೆಯ ರಾಶಿಗೆ ಒರಗಿ ಕೂತಿದ್ದ ಕೋಕಿಲಾ ನೆಟ್ಟಗಾದಳು. ಈಗ ಸುಮ್ಮನಿದ್ದರೆ ಮೂರು ತಿಂಗಳ ಆಸೆಯೆಲ್ಲ ಚಪ್ಪಲಿಗಳ ಪಕ್ಕದಲ್ಲೇ ಮುಗಿಯುತ್ತಿತ್ತು. ಅವಳು ಎದ್ದಳು. ತೊಲೆಯಿಂದ ಸರಪಳಿಯಲ್ಲಿ ಇಳಿಬಿದ್ದ ದೊಡ್ಡ ತಕ್ಕಡಿಯ ಹತ್ತಿರ ಹೋಗಿ, ಸೌದೆ ಪೇರಿಸುವ ಹಲಗೆಯ ಮೇಲೆ ಸೀರೆ ಒತ್ತಿಕೊಂಡು ಕೂತುಬಿಟ್ಟಳು.

“ಅಯ್ಯೋ ಇವಳ! ದಿನಕ್ಕೊಂದು ಮಾತಾಡೋ ಹುಡುಗಿ ಇವತ್ತು ತಕ್ಕಡಿ ಹತ್ತವ್ಳೆ!” ಮುನಿವೆಂಕಟಪ್ಪ ನಗುತ್ತಾ ಎದುರು ಹಲಗೆಗೆ ಇಪ್ಪತ್ತು ಕಿಲೋದ ಎರಡು ಬಟ್ಟು ಇಟ್ಟರು. ಸಾಲಲಿಲ್ಲ. ಇನ್ನೊಂದು ಕಿಲೋ ಇಟ್ಟಾಗ ಮುಳ್ಳು ನೆಟ್ಟಗೆ ನಿಂತಿತು.

“ನಲವತ್ತೊಂದು!” ಎಂದು ಡಿಪೋಗೆಲ್ಲ ಕೇಳುವಂತೆ ಕೂಗಿದರು.

ಕೋಕಿಲಾಳ ಕಿವಿ ಬಿಸಿಯಾಯಿತು. ಆದರೂ ಇಳಿಯಲಿಲ್ಲ.

“ಈಗ ನೀವು ಕೂತ್ಕೊಳ್ರೀ, ಭಾರದ ವಿಷ್ಯ ನಮಗೂ ಅರ್ಥ ಆಗ್ಲಿ” ಎಂದರು ದೊಡ್ಡಮ್ಮ. ಗಂಡಸರೂ ಹೋ ಎಂದರು. ಬಟ್ಟು ತೆಗೆಸಿ ದೊಡ್ಡಪ್ಪ ಎದುರು ಹಲಗೆಗೆ ಕೂತದ್ದೇ ತಡ, ಕೋಕಿಲಾ ಜೊಯ್ಯನೆ ಮೇಲೆದ್ದಳು. ಆ ನಲವತ್ತು ಕಿಲೋವನ್ನು ಅವಳ ಪಕ್ಕಕ್ಕಿಟ್ಟರೂ ದೊಡ್ಡಪ್ಪ ನೆಲ ಬಿಡಲಿಲ್ಲ.

“ನಿಮ್ಮೊಬ್ಬರ ಜಾಗದಲ್ಲಿ ಎರಡು ಕೋಕಿಲಾ ಹೋಗ್ಬಹುದಲ್ರೀ!” ಎಂದರು ದೊಡ್ಡಮ್ಮ.

ದೊಡ್ಡಪ್ಪ ಮುಖ ಗಂಟಿಕ್ಕಿದರು. “ತೂಕ ಹಾಗಿರ್ಲಿ. ಅವಳಿಗೆ ನೀರು ಕಂಡ್ರೆ ಭಯ. ಕೆರೆ ಏರಿ ಮೇಲೂ ನಡಿಯಲ್ಲ. ಅವಳೇ ಬೇಡ ಅಂತಾಳೆ. ಏನಮ್ಮ, ಹೌದು ತಾನೇ?”

ಅವರು ಹೀಗೆ ಕೇಳಿದಾಗಲೆಲ್ಲ ಅವಳು ತಲೆಯಾಡಿಸುವುದು ರೂಢಿ. ಈಗ ಎರಡು ಕೈಯಲ್ಲೂ ಸರಪಳಿ ಬಿಗಿಹಿಡಿದು, ಮೇಲಿನಿಂದ ಅವರನ್ನೇ ನೋಡಿದಳು.

“ಭಯ ಇದೆ ದೊಡ್ಡಪ್ಪ. ಆದ್ರೆ ಆ ದೋಣಿ ಗೊತ್ತುಮಾಡಿದವಳು ನಾನು. ನಾನು ಹೋಗೇ ಹೋಗ್ತೀನಿ.”