ಬೆಲ್ಲಕ್ಕೆ ಹುಟ್ಟಿ ಬಣ್ಣಕ್ಕೆ ಬಿದ್ದ ಕೊಪ್ಪರಿಗೆ

ನಾನೊಂದು ಕಬ್ಬಿಣದ ಕೊಪ್ಪರಿಗೆ. ಹುಟ್ಟಿದ್ದು ಮಹಾಲಿಂಗಪುರದ ಕಮ್ಮಾರಸಾಲೆಯಲ್ಲಿ, ಅದೂ ಬೆಲ್ಲ ಕುದಿಸಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಕಥೆ ಕೇಳಿ ಯಾರೂ ನನ್ನ ಕುಲದ ಬಗ್ಗೆ ಹಗುರವಾಗಿ ಮಾತಾಡಬಾರದು ನೋಡಿ! ಕಮ್ಮಾರ ನನ್ನ ಹೊಟ್ಟೆಯೊಳಗೇ ಇಳಿದು ಕುಳಿತು ಮೂರು ದಿನ ಸುತ್ತಿಗೆ ಬಡಿದ. ಕೊನೆಗೆ ಅಂಗೈಯಿಂದ ತಟ್ಟಿ, "ಇದರಾಗ ಬೆಲ್ಲ ತಳಾ ಹತ್ತೂದಿಲ್ಲ ಬಿಡು" ಅಂದ. ಆ ಮಾತಿಗೆ ನಾನು ಉಬ್ಬಿಹೋದೆ.

ಆದರೆ ನನ್ನನ್ನು ಮಾಡಿಸಿದ ಗೌಡರಿಗೆ ನಾನು ಸಣ್ಣವನಾದೆ. ಅವರು ಇನ್ನೂ ದೊಡ್ಡದನ್ನು ಒಯ್ದರು. ನನ್ನನ್ನು ಕೊಂಡವನು ಬನಹಟ್ಟಿಯ ನೀಲಗಾರ ಚನಮಲ್ಲಪ್ಪ. ನೇಕಾರರ ನೂಲಿಗೆ ಬಣ್ಣ ಹಾಕುವುದು ಅವನ ಮನೆತನದ ಕೆಲಸ. ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಮೂರು ಕಲ್ಲಿನ ಒಲೆಯ ಮೇಲೆ ನನ್ನನ್ನು ಕೂರಿಸಿ ಅವನು ಕೈಮುಗಿದ. "ಬೆಲ್ಲಕ್ಕ ಹುಟ್ಟಿದ್ದಿ, ಗಂಧಕಕ್ಕ ಬಂದಿ. ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡಪಾ" ಅಂದ. ಇಷ್ಟು ಮರ್ಯಾದೆ ಕೊಟ್ಟವನ ಮೇಲೆ ಎಂಥ ಸಿಟ್ಟು!

ನನಗೆ ಮೂಗಿಲ್ಲ. ವಾಸನೆ ಎಂಬುದೊಂದಿದೆ ಎಂದು ನಾನು ತಿಳಿದದ್ದೇ ಜನರ ಮುಖ ನೋಡಿ. ಮೊದಲ ದಿನ ಚನಮಲ್ಲಪ್ಪ ನನ್ನಲ್ಲಿ ನೀರು ಕಾಯಿಸಿ ಸಲ್ಫೈಡಿನ ಹರಳು ಹಾಕಿದ. ಅವನ ಮುಖ ಕಿವುಚಿ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸಾವಂತ್ರವ್ವ ಸೆರಗಿನಿಂದ ಮೂಗು ಮುಚ್ಚಿ, "ಅಯ್ಯಯ್ಯ, ತತ್ತಿ ಕೊಳತಂಗ ನಾರತೈತಲ್ರಿ!" ಎಂದು ಒಳಗೋಡಿದಳು. ನನಗೆ ನಾಚಿಕೆಯಾಯಿತು.

ಆದರೂ ಕೆಲಸ ಚಂದದ್ದು. ಗಂಧಕದ ಕಪ್ಪು ಬಣ್ಣದ ಪುಡಿ ಬರೀ ನೀರಿಗೆ ಕರಗುವುದಿಲ್ಲ, ಅಷ್ಟು ಹಟಮಾರಿ. ಸಲ್ಫೈಡ್ ಬಿದ್ದರೆ ಮಾತ್ರ ಮೆತ್ತಗಾಗಿ ಹಸಿರು ತಿರುಗಿ, ನೂಲಿನ ಎಳೆಎಳೆಯೊಳಗೂ ಇಳಿಯುತ್ತದೆ. ಕೋಲಿಗೆ ಹಾಕಿದ ನೂಲಿನ ಲಡಿಯನ್ನು ಮೇಲೆತ್ತಿದಾಗ ಅದು ಹಸಿರುಹಸಿರು. ಗಾಳಿ ತಾಗಿದ ಹಾಗೆ ನೋಡನೋಡುತ್ತಲೇ ಕಪ್ಪಾಗುತ್ತದೆ. ನನ್ನೊಳಗೆ ಕುದಿದದ್ದು ಕಪ್ಪಾಗುವುದು ಹೊರಗೆ ಬಂದ ಮೇಲೆ. ಈ ಕೆಲಸ ತಾಮ್ರದ ಪಾತ್ರೆಗಳಿಗೆ ಆಗದು. ಒಮ್ಮೆ ಸಾವಂತ್ರವ್ವ ತವರಿನ ತಾಮ್ರದ ಚೊಂಬಿನಿಂದಲೇ ನನ್ನ ನೀರು ಮೊಗೆದಳು. ಚೊಂಬು ಕಾಡಿಗೆಯ ಹಾಗೆ ಕರ್ರಗಾಯಿತು. ಅವಳು ಎರಡು ದಿನ ಗಂಡನೊಡನೆ ಮಾತಾಡಲಿಲ್ಲ. ನಾನು ಒಳಗೊಳಗೇ ನಕ್ಕೆ, ಸುಳ್ಳೇಕೆ ಹೇಳಲಿ.

ಬಣ್ಣ ಹಾಕುವುದು ಅರ್ಧ ಕೆಲಸ, ತೊಳೆಯುವುದು ಇನ್ನರ್ಧ. ನೂಲಿನಲ್ಲಿ ಗಂಧಕ ಉಳಿದರೆ ಅದು ಪೆಟ್ಟಿಗೆಯ ಕತ್ತಲಲ್ಲಿ ತಿಂಗಳುಗಟ್ಟಲೆ ಕೂತು ಆಮ್ಲವಾಗಿ, ಹತ್ತಿಯನ್ನು ಸದ್ದಿಲ್ಲದೆ ತಿನ್ನುತ್ತದೆ. ಅದಕ್ಕೇ ಚನಮಲ್ಲಪ್ಪ ಲಡಿಗಳನ್ನು ನಾಲ್ಕೈದು ನೀರಿನಲ್ಲಿ ತೊಳೆದು, ಕೊನೆಗೆ ಸೋಡಾ ನೀರಿನಲ್ಲಿ ಅದ್ದುತ್ತಿದ್ದ. ತೊಳೆದದ್ದು ಸಾಕೋ ಇಲ್ಲವೋ ಎನ್ನುವುದಕ್ಕೆ ಅವನ ಹತ್ತಿರ ಇದ್ದ ಅಳತೆ ಒಂದೇ, ಮೂಗು. ಒದ್ದೆ ಲಡಿಯನ್ನು ಮುಖಕ್ಕೆ ಹಿಡಿದು ಉಸಿರೆಳೆದು, "ವಾಸನಿ ಹೋತು" ಅಂದರೆ ಮುಗಿಯಿತು. ಅವನ ಕಪ್ಪು ಸೀರೆ ಹರಿದರೂ ಬಣ್ಣ ಬಿಡದು ಎಂದು ಊರೆಲ್ಲ ಹೇಳುತ್ತಿತ್ತು.

ಇಪ್ಪತ್ತು ವರ್ಷ ಹೀಗೇ ನಡೆಯಿತು. ಆಮೇಲೆ ನನಗೊಂದು ವಿಷಯ ಕಾಣತೊಡಗಿತು. ಹರಳು ಹಾಕಿದಾಗ ಚನಮಲ್ಲಪ್ಪನ ಮುಖ ಕಿವುಚುತ್ತಿರಲಿಲ್ಲ. ರೂಢಿಯಾಗಿರಬೇಕು ಅಂದುಕೊಂಡೆ. ಒಂದು ಮುಂಜಾನೆ ಸಾವಂತ್ರವ್ವ ನೀರಿಗೆ ಹೋಗಿದ್ದಾಗ ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಹಿತ್ತಲಿಗೆ ಬಂತು. ಪಕ್ಕದ ಹಿತ್ತಲಿನವರೂ ಮೂಗು ಮುಚ್ಚಿಕೊಂಡರು. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಇವನು ವಚನ ಗುನುಗುತ್ತ ಲಡಿ ತಿರುವುತ್ತಲೇ ಇದ್ದ. ಅಂದು ನನಗೆ ಖಾತ್ರಿಯಾಯಿತು. ನನ್ನಿಂದ ಏಳುವ ಆ ಗಾಳಿ ಅವನ ಮೂಗನ್ನು ಕೊಂದಿತ್ತು. ಅವನಿಗೂ ಗೊತ್ತಿತ್ತೆಂದು ಕಾಣುತ್ತದೆ. ಆದರೂ ಲಡಿಯನ್ನು ಮುಖಕ್ಕೆ ಹಿಡಿದು, ಎರಡನೇ ನೀರಿಗೇ "ಹೋತು" ಅನ್ನುತ್ತಿದ್ದ. ಅಯ್ಯೋ, ನನಗೆ ಬಾಯಿ ಇಷ್ಟು ದೊಡ್ಡದು, ಮಾತು ಮಾತ್ರ ಇಲ್ಲ!

ಅವನ ಒಬ್ಬಳೇ ಮಗಳು ಶಶಿಕಲಾ ಬಸುರಿಯಾದಳು. ತವರಿನಲ್ಲಿ ಕುಬಸ, ಅಂದರೆ ಸೀಮಂತ. ಅದಕ್ಕೆಂದು ನಾಲ್ಕು ತಿಂಗಳ ಮೊದಲೇ ನೇಕಾರ ರುದ್ರಪ್ಪ ಚಂದ್ರಕಾಳಿ ಸೀರೆ ನೇಯ್ದಿಟ್ಟಿದ್ದ. ಕಪ್ಪು ಒಡಲು, ಕೆಂಪು ಅಂಚು. ಮಗ್ಗ ಅವನದು, ಕಪ್ಪು ಚನಮಲ್ಲಪ್ಪನದು. ಇಬ್ಬರೂ ಹುಡುಗುತನದ ಗೆಳೆಯರು. ನನ್ನ ಎದುರಿಗೇ ಹಿತ್ತಲಲ್ಲಿ ರಂಗೋಲಿ ಹಾಕಿ ಮಣೆ ಇಟ್ಟರು. ಶಶಿಕಲಾ ಆ ಸೀರೆ ಉಟ್ಟು ಬಂದು ಮಣೆಯ ಮೇಲೆ ಕೂತಳು. ಚರ್ ಎಂದು ಮೊಣಕಾಲಿನ ಹತ್ತಿರ ಮಡಿಕೆಯುದ್ದಕ್ಕೂ ಸೀರೆ ಸೀಳಿತು. ಎದ್ದು ನಿಂತರೆ ಇನ್ನೊಂದು ಕಡೆ ಚರ್. ಹಾಡುತ್ತಿದ್ದ ಹೆಂಗಸರು ಎದ್ದು ಬಂದರು. ಬೀಗರ ಕಡೆಯ ಒಬ್ಬಳು "ಬಸರಿಗಿ ಇದು ಚಲೋ ಅಲ್ಲ" ಎಂದು ಗೊಣಗಿದಳು. ಹುಡುಗಿ ಎರಡೂ ಕೈಯಿಂದ ಹರುಕು ಮುಚ್ಚಿಕೊಂಡು ಅತ್ತಳು.

ಚನಮಲ್ಲಪ್ಪ ಅವತ್ತು ಮಾಡಬಾರದ ಕೆಲಸ ಮಾಡಿದ. ಎಲ್ಲರ ಮುಂದೆ ರುದ್ರಪ್ಪನ ಕಡೆ ಬೆರಳು ತೋರಿಸಿ, "ನಿನ್ನ ಮಗ್ಗ ಎಳದ ಎಳತಕ್ಕ ಹಿಂಗಾತು. ನನ್ನ ಬಣ್ಣಕ್ಕ ಮಾತಾಡವ ಯಾವನೂ ಹುಟ್ಟಿಲ್ಲ!" ಎಂದು ಕೂಗಿದ. ರುದ್ರಪ್ಪ ಹರಿದು ಬಿದ್ದ ಚೂರನ್ನು ಬೆರಳಲ್ಲಿ ತಿಕ್ಕಿ ನೋಡಿದ. ಎಳೆ ಪುಡಿಪುಡಿಯಾಯಿತು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಮರುದಿನದೊಳಗೆ, ರುದ್ರಪ್ಪನ ಮಗ್ಗದ ಸೀರೆ ಹರಿಯುತ್ತದೆಂಬ ಸುದ್ದಿ ಓಣಿ ದಾಟಿತ್ತು. ಇಬ್ಬರು ವ್ಯಾಪಾರಿಗಳು ಅವನ ಮನೆಗೆ ಬರುವುದನ್ನು ಬಿಟ್ಟರು.

ನನ್ನ ಸಾವಂತ್ರವ್ವ ಸಾಮಾನ್ಯಳಲ್ಲ. ಮೂರನೇ ದಿನ ಅವಳು ಹರಿದ ಸೀರೆಯನ್ನು ಮೂಸಿ ನೋಡಿದವಳೇ ಎರಡು ಒದ್ದೆ ಲಡಿ ತಂದು ಗಂಡನ ಮುಂದೆ ಹಿಡಿದಳು.

"ಒಂದು ಐದ ನೀರಾಗ ತೊಳದದ್ದು, ಇನ್ನೊಂದು ತೊಳೀಲಾರದ್ದು. ಯಾವುದು ಯಾವುದು, ಹೇಳ್ರಿ."

"ಏನ್ ಹುಡುಗಾಟಾ ಹಚ್ಚೀ?"

"ಹೇಳ್ರಿ ಅಂದ್ನಿ."

ಅವನು ಒಂದನ್ನು ಮೂಸಿದ. ಇನ್ನೊಂದನ್ನು ಮೂಸಿದ. ಮತ್ತೆ ಮೊದಲನೆಯದನ್ನು. ಕೊನೆಗೆ ಎರಡನ್ನೂ ನನ್ನ ಕಂಠದ ಮೇಲೆ ಇಟ್ಟು, ಅಲ್ಲೇ ನೆಲಕ್ಕೆ ಕೂತುಬಿಟ್ಟ. "ಎರಡ ವರ್ಷಾತು, ಸಾವಂತ್ರೀ. ನೀ ಮುಡದ ಹೂವಿನ ವಾಸನೀನೂ ಬರಂಗಿಲ್ಲ. ಹೇಳಿದ್ರ ಯಾರು ನೂಲು ಕೊಡ್ತಾರ ಅಂತ ಹೇಳಲಿಲ್ಲ" ಎಂದ. ಅವಳು ಬಯ್ಯುತ್ತಾಳೆಂದು ನಾನು ಕಾದೆ. ಅವಳು ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಮುಖ ಒರೆಸಿದಳು. "ಮೂಗು ನಂದೈತಿ, ಬಳಸ್ರಿ. ಆದ್ರ ಮೊದಲ ರುದ್ರಪ್ಪಣ್ಣನ ಹೆಸರು ಉಳಸ್ರಿ" ಅಂದಳು. ಅವನ ಮೂಗನ್ನು ತಿಂದವನು ನಾನು.

ಆ ಸೋಮವಾರ ನೂಲು ತಂದ ನೇಕಾರರೆಲ್ಲ ಹಿತ್ತಲಲ್ಲಿ ಸೇರಿದಾಗ ಚನಮಲ್ಲಪ್ಪ ರುದ್ರಪ್ಪನನ್ನೂ ಕರೆಸಿದ. ಎಲ್ಲರ ಮುಂದೆ ನಿಂತು, "ಮಗ್ಗದ್ದ ತಪ್ಪಲ್ಲ. ತಪ್ಪ ನಂದು. ನನ್ನ ಮೂಗು ಸತ್ತೈತಿ" ಎಂದ. ರುದ್ರಪ್ಪನೇ ಮಾತಾಡಿದ. "ನಮ್ಮ ಮನಿಗೆ ಬಂದಾಗೆಲ್ಲಾ ಚಾ ಹೆಂಗೈತೋ ಅಂದ್ರ, ಬಿಸಿ ಐತಿ ಅಂತಿದ್ದಿ. ನನಗ ಆವಾಗ ತಿಳೀಬೇಕಿತ್ತು, ಮಾರಾಯಾ" ಎಂದು ಗೆಳೆಯನ ಹೆಗಲ ಮೇಲೆ ಕೈ ಹಾಕಿದ. ಅಂದು ಮೂರು ಜನ ನೂಲು ವಾಪಸ್ ಒಯ್ದರು. ಉಳಿದವರು ಇಟ್ಟು ಹೋದರು. ಹಳೆಯ ಸುದ್ದಿ ಹೋದ ದಾರಿಯಲ್ಲೇ ಈ ಸುದ್ದಿಯೂ ಹೋಯಿತು. ರುದ್ರಪ್ಪನ ಮನೆಗೆ ಆ ಇಬ್ಬರು ವ್ಯಾಪಾರಿಗಳೂ ಮತ್ತೆ ಬಂದರು.

ಅಂದಿನಿಂದ ಪ್ರತಿ ಲಡಿಯನ್ನೂ ಮೂಸಿದವಳು ಸಾವಂತ್ರವ್ವ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಇಬ್ಬರೂ ನನ್ನ ಹತ್ತಿರ ಬರಕೂಡದೆಂದು ಕಾನೂನು ಮಾಡಿದವಳೂ ಅವಳೇ. ಐದನೇ ನೀರಿಗೂ "ಇನ್ನೂ ಐತ್ರಿ" ಅನ್ನುವಳು, ಅವನು ಆರನೆಯದಕ್ಕೆ ಹಾಕುವನು. ರುದ್ರಪ್ಪ ಹೊಸ ಚಂದ್ರಕಾಳಿ ನೇಯ್ದ. ಶಶಿಕಲಾ ಮಗನನ್ನು ಎತ್ತಿಕೊಂಡು ಬಂದಾಗ ಅದನ್ನೇ ಉಟ್ಟಿದ್ದಳು. ಮಗು ಸೆರಗು ಹಿಡಿದು ಜಗ್ಗಿತು. ಚನಮಲ್ಲಪ್ಪ ಬಗ್ಗಿ ನೋಡಿದ. ಹರಿಯಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬಣ್ಣದ ಕೆಲಸ ಯಂತ್ರಗಳ ಪಾಲಾಗಿ, ನನ್ನ ತಳದಲ್ಲಿ ತೂತು ಬಿದ್ದಿದೆ. ಗುಜರಿಯವನು ಎರಡು ಸಲ ಬಂದು ಕೇಳಿದ. ಸಾವಂತ್ರವ್ವ ಅವನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ನನ್ನನ್ನು ಹತ್ತು ಸಲ ತಿಕ್ಕಿ ತೊಳೆದು, ಮಣ್ಣು ತುಂಬಿ, ದುಂಡುಮಲ್ಲಿಗೆ ನೆಟ್ಟಳು. ತೂತು ಒಳ್ಳೆಯದೇ ಆಯಿತು, ನೀರು ನಿಲ್ಲುವುದಿಲ್ಲ.

ದಿನಾ ಮುಂಜಾನೆ ಚನಮಲ್ಲಪ್ಪ ಕೋಲೂರಿಕೊಂಡು ಬಂದು ನನ್ನ ಪಕ್ಕ ಕೂರುತ್ತಾನೆ. ಅವಳು ಹೂ ಬಿಡಿಸುತ್ತಾಳೆ.

"ಇವತ್ತ ಹೆಂಗೈತಿ ವಾಸನಿ?" ಎಂದು ಅವನು ಕೇಳುತ್ತಾನೆ. ಅವಳು ದಿನಕ್ಕೊಂದು ಹೇಳುತ್ತಾಳೆ. ಒಂದು ದಿನ "ಹೊಸಾ ಸೀರಿ ಘಡಿ ಬಿಚ್ಚಿದಂಗ" ಅಂದಳು. ಇನ್ನೊಂದು ದಿನ "ಮೊಮ್ಮಗನ ನೆತ್ತಿ ಇದ್ದಂಗ" ಅಂದಳು. ನಿನ್ನೆ ಹೂವೊಂದನ್ನು ಮೂಸಿ, "ಗಾಣದಾಗ ಬೆಲ್ಲ ಕುದ್ದಂಗ ಐತಿ ನೋಡ್ರಿ" ಅಂದಳು.

ಚನಮಲ್ಲಪ್ಪ ನನ್ನ ಕಂಠವನ್ನು ಅಂಗೈಯಿಂದ ತಟ್ಟಿದ. "ಕೇಳಿದೇನಪಾ? ಬೆಲ್ಲ ಅಂತ!"

ಮಲ್ಲಿಗೆಗೆ ಎಲ್ಲಾದರೂ ಬೆಲ್ಲದ ವಾಸನೆ ಇರುತ್ತದೆಯೇ? ನನಗಂತೂ ಮೂಗಿಲ್ಲ, ಅವನಿಗೂ ಇಲ್ಲ. ಸಾವಂತ್ರವ್ವ ಹೇಳಿದಳೆಂದರೆ ನಾವಿಬ್ಬರೂ ನಂಬುತ್ತೇವೆ.