ಮಡಚಿದ ತೋರುಬೆರಳು

ಹನುಮೇಶನಿಗೆ ನ್ಯೂಜಿಲೆಂಡಿನಲ್ಲಿ ಕಾಯಂ ಇರಲು ಪರವಾನಗಿ ಸಿಗುತ್ತದಂತೆ! ಸುಳ್ಳೇಕೆ ಹೇಳಲಿ, ಸುದ್ದಿ ಕೇಳಿ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಅದೂ ಬರೀ ಬಣ್ಣದ ನಮ್ಮ ಬ್ಯಾಡಗಿಯದಲ್ಲ, ಖಾರದ ಗುಂಟೂರಿನದು.

ಮೇಡ್ಲೇರಿಯ ಬೀಜದ ಪ್ಲಾಟಿಗೆ ನಾನು ಸೂಪರ್‌ವೈಸರ್. ಮೆಣಸಿನ ಗಿಡದ ಮೊಗ್ಗಿನ ಎಸಳು ಬಿಡಿಸಿ, ಬೇರೆ ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ಕೆಂಪು ದಾರ ಕಟ್ಟುವುದು ನಮ್ಮ ಕೆಲಸ. ಕ್ರಾಸಿಂಗ್ ಎನ್ನುತ್ತೇವೆ. ಹನುಮೇಶ ಬಂದಾಗ ಆ ಮಂಗ್ಯಾನಿಗೆ ಮೊಗ್ಗು ಹಿಡಿಯಲೂ ಬರುತ್ತಿರಲಿಲ್ಲ. ಕಲಿಸಿದವನು ನಾನು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ನನ್ನ ತೋರುಬೆರಳಿನ ತುದಿ ಹೋಗಿದೆ. ಅದನ್ನು ಮಡಚಿ, ಹೆಬ್ಬೆರಳು ನಡುಬೆರಳಿನಲ್ಲೇ ದಾರ ಕಟ್ಟುತ್ತೇನೆ. ಬೆರಳೆಲ್ಲ ನೆಟ್ಟಗಿದ್ದರೂ ಅವನು ಹಾಗೇ ಮಡಚಿ ಕಟ್ಟುವುದನ್ನು ಕಲಿತ. ಪ್ಲಾಟಿನ ಹೆಂಗಸರು ಎಷ್ಟು ನಕ್ಕರೂ ಬಿಡಲಿಲ್ಲ.

ನಾಲ್ಕು ವರ್ಷದ ಹಿಂದೆ ನ್ಯೂಜಿಲೆಂಡಿನಲ್ಲಿ ಗಿಡ ಬೆಳೆಸುವ ಗಾಜಿನಮನೆಗೆ ಆಳು ಬೇಕೆಂದು ಮೊದಲು ಕೇಳಿದ್ದು ನನ್ನನ್ನೇ. "ಆ ಥಂಡ್ಯಾಗ ಯಾವನ್ ಸಾಯ್ತಾನ, ನೀ ಹೋಗಲೇ" ಎಂದು ಅವನನ್ನು ಕಳಿಸಿದೆ. ನನ್ನಂಥ ಹುಚ್ಚ ಯಾರಿದ್ದಾರೆ?

ಸುದ್ದಿ ಬಂದ ವಾರದಲ್ಲೇ ಅವನ ಫೋನ್ ಬಂತು. "ಅಣ್ಣಾರ, ಇಲ್ಲಿ ವೀಸಾ ಆಫೀಸಿನವರು ನಿಮಗ ಫೋನ್ ಮಾಡ್ತಾರ. ಮೇಡ್ಲೇರ್ಯಾಗ ನಾ ಮೂರು ವರ್ಷ ಕ್ರಾಸಿಂಗ್ ಮಾಡೇನಿ ಅಂತ ಹೇಳ್ರಿ. ಒಂದು ವರ್ಷ ಕಮ್ಮಿ ಬಿದ್ರೂ ವಾಪಸ್ ಕಳಸ್ತಾರ."

"ಆತು ಬಿಡಪಾ" ಎಂದೆ. ಎರಡೇ ವರ್ಷ ಎನ್ನಬೇಕೆಂದು ಆಗಲೇ ಮನಸ್ಸು ಗಟ್ಟಿ ಮಾಡಿದ್ದೆ. ಬರಲಿ ಮಗ, ಮತ್ತೆ ನನ್ನ ಕೈಕೆಳಗೆ ದುಡಿಯಲಿ.

ಎರಡು ದಿನ ಬಿಟ್ಟು ಫೋನ್ ಬಂತು. ಅತ್ತ ಸಾಹೇಬ ಇಂಗ್ಲಿಷಿನಲ್ಲಿ ಕೇಳುತ್ತಿದ್ದ, ಒಬ್ಬ ಹೆಣ್ಣುಮಗಳು ಬೆಂಗಳೂರು ಕಡೆಯ ಕನ್ನಡದಲ್ಲಿ ನನಗೆ ಹೇಳುತ್ತಿದ್ದಳು. "ಇಷ್ಟು ನಾಜೂಕಿನ ಕೆಲಸ ಹಳ್ಳಿ ಹೊಲದಲ್ಲಿ ಯಾರು ಕಲಿಸ್ತಾರೆ? ಹನುಮೇಶ್ ಇಲ್ಲಿಗೆ ಬಂದ ಮೇಲೇ ಕಲಿತಿರಬೇಕು ಅಂತ ಸಾಹೇಬ್ರಿಗೆ ಅನುಮಾನ."

ನನಗೆ ಪಿತ್ತ ನೆತ್ತಿಗೇರಿತು. "ಏನಂದ್ರಿ? ಮೂರು ವರ್ಷ ತಲಿಮ್ಯಾಲ ನಿಂತು ನಾ ಕಲಿಸೇನ್ರಿ, ಈ ರುದ್ರಮುನಿ! ನೂರು ಹೂವು ಕಟ್ಟಿದ್ರ ತೊಂಬತ್ತು ಕಾಯಿ ನಿಲ್ಲತಿದ್ವು. ಬರ್ಕೋರಿ!"

"ಮೂರು ವರ್ಷ. ಬರ್ಕೊಂಡ್ವಿ ಸರ್." ಫೋನ್ ಇಟ್ಟರು. ನನ್ನ ಬಾಯಿಗೆ ಬೆಂಕಿ ಬೀಳಲಿ!

ತಿಂಗಳು ಕಳೆಯುವಷ್ಟರಲ್ಲಿ ಅವನ ತಾಯಿ ಬೀರವ್ವ ರಾಣೇಬೆನ್ನೂರಿನಿಂದ ಪೇಡೆ ತಂದು ನಮ್ಮ ಬಾಗಿಲಿಗೆ ಬಂದಳು. "ನಿನ್ನಿಂದನ ಆತು ತಮ್ಮಾ. ಇನ್ನ ಅಂವಗ ಯಾರೂ ಹೋಗು ಅನ್ನಂಗಿಲ್ಲಂತ. ಈಗ ಅಲ್ಲಿ ಮಂದಿಗೆ ಅಂವನ ಕಲಿಸಾಕತ್ತಾನ, ನೋಡಿಲ್ಲಿ" ಎಂದು ಮೊಬೈಲ್ ಹಿಡಿದಳು.

ಉದ್ದನೆಯ ಗಾಜಿನಮನೆ. ಸಾಲಿಗೆ ಐದಾರು ಬಿಳಿ ಹುಡುಗಿಯರು. ಒಬ್ಬಳ ಬೆರಳಿಗೂ ಊನವಿಲ್ಲ. ಆದರೂ ಎಲ್ಲರೂ ತೋರುಬೆರಳು ಮಡಚಿಕೊಂಡೇ ದಾರ ಕಟ್ಟುತ್ತಿದ್ದರು.

"ಇದು ನನ್ನ ಕೈ, ಯವ್ವಾ" ಎಂದೆ.

ಬೀರವ್ವನಿಗೆ ತಿಳಿಯಲಿಲ್ಲ. "ಇನ್ನೊಂದು ತಗೋ" ಎಂದು ನನ್ನ ಅದೇ ಮೊಂಡುಬೆರಳಿನ ಕೈಯಲ್ಲಿ ಪೇಡೆ ಇಟ್ಟಳು. ನನ್ನ ಕೈ ನ್ಯೂಜಿಲೆಂಡಿನಲ್ಲಿ ಕಾಯಂ ಆಗಿತ್ತು. ನಾನು ಮೇಡ್ಲೇರಿಯ ಹೊಸ್ತಿಲಲ್ಲಿ ನಿಂತು ಪೇಡೆ ನುಂಗಿದೆ.